ಗೆರೆಯ ಹೊರಗೆ ನಿಂತ ಉಸ್ತಾದರು

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ 'ಗುರು ಮತ್ತು ಗುರಿ'. ಈ ವಿಷಯದ ಮೇಲೆ ನಾನು ಈ ಹಿಂದೆ ಮೂರು ಶಾಲೆಗಳಲ್ಲಿ ಮಾತನಾಡಿದ್ದೇನೆ. ಮೂರು ಕಡೆಯೂ ಒಂದೇ ಭಾಷಣ. ಈ ಸಲ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಬದಲಿಗೆ ಒಬ್ಬ ಫುಟ್‌ಬಾಲ್ ತರಬೇತುದಾರರ ಕಥೆ ಹೇಳುತ್ತೇನೆ. ಹೆಸರು ಆಲ್ಬರ್ಟ್ ರೋಕಾ, ದೇಶ ಸ್ಪೇನ್. ಪ್ರತಿಭಾ ಪುರಸ್ಕಾರದ ಸಭೆಯಲ್ಲಿ ಫುಟ್‌ಬಾಲ್ ಏಕೆ ಎಂದು ಮುಂದಿನ ಸಾಲಿನ ಹಿರಿಯರು ಈಗಲೇ ಪರಸ್ಪರ ನೋಡಿಕೊಳ್ಳುತ್ತಿದ್ದಾರೆ. ಸ್ವಲ್ಪ ತಾಳ್ಮೆ ಇರಲಿ. ಕೊನೆಯಲ್ಲಿ ನಿಮ್ಮ ಹತ್ತಿರ ದುಡ್ಡು ಕೇಳುವುದಿದೆ.

ಮೊದಲು ಒಂದು ಮಾತಿನ ವಿಚಾರ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಿಗೆ ಇದು ಚಟ, ಕ್ಷಮಿಸಿ. ಕನ್ನಡದಲ್ಲಿ ನಾವು ದಿನಾ ಹೇಳುವ 'ತರಬೇತಿ' ಎಂಬ ಮಾತು ಉರ್ದುವಿನ 'ತರ್ಬಿಯತ್'ನಿಂದ ಬಂದದ್ದು. 'ತಾಲೀಮು' ಎಂಬುದು 'ತಾಲೀಮ್'ನಿಂದ. ಉರ್ದುವಿನಲ್ಲಿ ತಾಲೀಮ್ ಎಂದರೆ ವಿದ್ಯೆ, ಓದು. ತರ್ಬಿಯತ್ ಎಂದರೆ ಬೆಳೆಸುವುದು, ಮನೆಯಲ್ಲಿ ತಾಯಿ ತಂದೆ ಮಗುವನ್ನು ತಿದ್ದಿ ತೀಡುವುದು. ಈ ಎರಡು ಮಾತುಗಳೂ ಕನ್ನಡಕ್ಕೆ ಬರುವಾಗ ಶಾಲೆಯ ಬಾಗಿಲಲ್ಲಿ ನಿಲ್ಲಲಿಲ್ಲ, ನೇರವಾಗಿ ಗರಡಿಮನೆಗೂ ಮೈದಾನಕ್ಕೂ ಹೋದವು. ಪೈಲ್ವಾನ ತಾಲೀಮು ಮಾಡುತ್ತಾನೆ, ನಾಟಕದವರು ತಾಲೀಮು ನಡೆಸುತ್ತಾರೆ, ಆಟಗಾರ ತರಬೇತಿ ಪಡೆಯುತ್ತಾನೆ. ಗರಡಿಯಲ್ಲಿ ಹೇಳಿಕೊಡುವವನೂ ಉಸ್ತಾದ್, ಮದರಸಾದಲ್ಲಿ ಹೇಳಿಕೊಡುವವನೂ ಉಸ್ತಾದ್. ಮಾತು ಕೊಟ್ಟ ನಮ್ಮವರು ಮಾತ್ರ ಓದು ಬೇರೆ, ಆಟ ಬೇರೆ ಎಂದು ನಡುವೆ ಗೋಡೆ ಕಟ್ಟಿಕೊಂಡು ಕೂತಿದ್ದೇವೆ. ಅವರಿವರನ್ನು ಏಕೆ ಅನ್ನಲಿ, ನಾನೇ ಕಟ್ಟಿದ್ದೆ. ನೌಕರಿಗೆ ಸೇರಿದ ಮೊದಲ ವರ್ಷ ಒಬ್ಬ ಹುಡುಗನ ಚೆಂಡನ್ನು ಕಿತ್ತು ಬೀರುವಿನಲ್ಲಿಟ್ಟು, "ಇದು ನಾಳೆ ನಿನಗೆ ಅನ್ನ ಹಾಕುತ್ತಾ?" ಎಂದು ತರಗತಿಯ ಮುಂದೆ ಕೇಳಿದವನು ನಾನು. ಆ ಹುಡುಗನ ವಿಷಯಕ್ಕೆ ಮತ್ತೆ ಬರುತ್ತೇನೆ.

ಆಲ್ಬರ್ಟ್ ರೋಕಾ ಹುಟ್ಟಿದ್ದು 1962ರಲ್ಲಿ, ಬಾರ್ಸಿಲೋನಾ ಪಟ್ಟಣದ ಹತ್ತಿರದ ಗ್ರಾನೊಯೆರ್ಸ್ ಎಂಬಲ್ಲಿ. ಆಟಗಾರರಾಗಿ ಲೋಕವೆಲ್ಲ ಗುರುತಿಸುವ ಹೆಸರಲ್ಲ. ಈ ಸಭೆಯಲ್ಲಿ ಕುಳಿತಿರುವ ಮಕ್ಕಳಿಗೆ ಮೆಸ್ಸಿ ಗೊತ್ತು, ರೊನಾಲ್ಡಿನೊ ಗೊತ್ತು. 2003ರಿಂದ 2008ರವರೆಗೆ ಬಾರ್ಸಿಲೋನಾ ತಂಡದ ಮುಖ್ಯ ತರಬೇತುದಾರರಾಗಿದ್ದವರು ಹಾಲೆಂಡಿನ ಫ್ರಾಂಕ್ ರೈಕಾರ್ಡ್. ಮೆಸ್ಸಿ ಎಂಬ ಸಣ್ಣ ಹುಡುಗನನ್ನು 2004ರಲ್ಲಿ ದೊಡ್ಡವರ ಲೀಗ್ ಪಂದ್ಯಕ್ಕೆ ಇಳಿಸಿದವರು ಅವರೇ. 2005 ಮತ್ತು 2006ರಲ್ಲಿ ಸ್ಪೇನಿನ ಲೀಗ್, 2006ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗ್, ಇವೆಲ್ಲ ಆ ಕಾಲದವು. ಆ ಐದು ವರ್ಷವೂ ರೈಕಾರ್ಡರ ಸಹಾಯಕ ಬಳಗದಲ್ಲಿ ಇದ್ದವರಲ್ಲಿ ನಮ್ಮ ರೋಕಾ ಒಬ್ಬರು. ಕಪ್ಪು ಹಿಡಿದ ಫೋಟೋದಲ್ಲಿ ಎಲ್ಲೋ ಹಿಂದಿನ ಸಾಲು. ಬಳಿಕ ರೈಕಾರ್ಡ್ ಟರ್ಕಿಯ ಗಲಾತಸರಾಯ್ ತಂಡಕ್ಕೆ ಹೋದರು, ಸೌದಿ ಅರೇಬಿಯದ ರಾಷ್ಟ್ರೀಯ ತಂಡಕ್ಕೆ ಹೋದರು. ರೋಕಾ ಅಲ್ಲಿಗೂ ಅವರ ಜೊತೆ ಹೋದರು.

ಐವತ್ತು ವರ್ಷ ದಾಟುವವರೆಗೂ ಈ ಮನುಷ್ಯ ಹೆಚ್ಚಾಗಿ ಇನ್ನೊಬ್ಬರ ಕೈಕೆಳಗೆ ದುಡಿದರು ಎಂಬುದನ್ನು ಗಮನಿಸಿ. ನಮ್ಮ ಶಾಲೆಗಳಲ್ಲಿ ಸಹಶಿಕ್ಷಕರಾಗಿಯೇ ಕೂದಲು ಹಣ್ಣಾದ ಎಷ್ಟೋ ಮಂದಿ ಇಲ್ಲಿದ್ದಾರೆ, ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2014ರಲ್ಲಿ ಅವರಿಗೆ ಒಂದು ದೇಶದ ತಂಡದ ಹೊಣೆ ಸಿಕ್ಕಿತು. ಎಂಥ ತಂಡ? ಮಧ್ಯ ಅಮೆರಿಕದ ಸಣ್ಣ ದೇಶ ಎಲ್ ಸಾಲ್ವಡೋರ್. ಅದರ ಹಿಂದಿನ ವರ್ಷ, 2013ರಲ್ಲಿ, ದುಡ್ಡು ಪಡೆದು ಪಂದ್ಯ ಬಿಟ್ಟುಕೊಟ್ಟ ಆರೋಪದ ಮೇಲೆ ಆ ದೇಶ ತನ್ನ 14 ಆಟಗಾರರನ್ನು ಆಜೀವ ನಿಷೇಧಿಸಿತ್ತು. ಮನೆ ಸುಟ್ಟ ಮೇಲೆ ಬಂದ ಬಾಡಿಗೆದಾರನ ಸ್ಥಿತಿ. ಅಲ್ಲಿ ಒಂದು ವರ್ಷದ ಆಸುಪಾಸು ಇದ್ದು 2015ರಲ್ಲಿ ಹೊರಬಂದರು. ದೊಡ್ಡ ಗೆಲುವೇನೂ ಇಲ್ಲ. ಅವರ ಜೊತೆ ಅಲ್ಲಿಯೂ ಇದ್ದ ಸಹಾಯಕರ ಹೆಸರು ಮಾತ್ರ ಜ್ಞಾಪಕದಲ್ಲಿಡಿ: ಕಾರ್ಲೆಸ್ ಕ್ವಾದ್ರಾತ್.

2016ರ ಜುಲೈನಲ್ಲಿ ಇಬ್ಬರೂ ಬೆಂಗಳೂರಿಗೆ ಬಂದರು.

ಬೆಂಗಳೂರು ಎಫ್‌ಸಿ ಆಗ ಮೂರು ವರ್ಷದ ಕೂಸು. 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಮತ್ತೊಮ್ಮೆ ಗೆದ್ದ ತಂಡ. ಗೆಲ್ಲಿಸಿಕೊಟ್ಟವರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಗೆದ್ದ ಮೇಷ್ಟ್ರ ತರಗತಿಗೆ ಹೊಸ ಮೇಷ್ಟ್ರಾಗಿ ಹೋಗುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. "ಹಳೇ ಸರ್ ಹೀಗೆ ಹೇಳಿಕೊಡ್ತಾ ಇರಲಿಲ್ಲ" ಎಂಬ ಮಾತನ್ನು ಮೊದಲ ಬೆಂಚಿನಿಂದಲೇ ಕೇಳಬೇಕು. ಅದರ ಮೇಲೆ ರೋಕಾ ಬಂದದ್ದು ಅರ್ಧ ಪಾಠ ಮುಗಿದ ಮೇಲೆ. ಏಷ್ಯಾ ಖಂಡದ ಎಎಫ್‌ಸಿ ಕಪ್ ಟೂರ್ನಿ ನಡುವಿನಲ್ಲಿತ್ತು, ಸೆಪ್ಟೆಂಬರಿನಲ್ಲಿ ಕ್ವಾರ್ಟರ್ ಫೈನಲ್. ಕೈಯಲ್ಲಿದ್ದದ್ದು ಕೆಲವೇ ವಾರ.

ಅವರು ಕಲಿಸಲು ಹೊರಟದ್ದೂ ಸುಲಭದ ಪಾಠವಲ್ಲ. ಚೆಂಡು ಕಾಲಿಗೆ ಬಂದರೆ ಭಯಪಟ್ಟು ದೂರಕ್ಕೆ ಒದೆಯಬೇಡಿ, ಪಕ್ಕದವನಿಗೆ ಕೊಡಿ, ಅವನು ಇನ್ನೊಬ್ಬನಿಗೆ ಕೊಡಲಿ, ಗೋಲ್‌ಕೀಪರ್‌ನಿಂದಲೇ ಆಟ ಕಟ್ಟುತ್ತ ಬನ್ನಿ, ಚೆಂಡು ಕಳೆದುಕೊಂಡರೆ ಹಿಂದೆ ಓಡುವ ಬದಲು ಅಲ್ಲೇ ಮುತ್ತಿ ಕಿತ್ತುಕೊಳ್ಳಿ. ಹೇಳಲು ಎಷ್ಟು ಸರಳ! ನಮ್ಮ ಆಟದ ರೂಢಿ ಏನು? ಗಲ್ಲಿಯಲ್ಲಿ ಆಡುವಾಗ ಹಿಂದಿನಿಂದ ಒಬ್ಬ "ಮಾರ್ ರೇ, ಮಾರ್" ಎಂದು ಕೂಗುತ್ತಾನೆ, ನಾವು ಕಣ್ಣು ಮುಚ್ಚಿ ಒದೆಯುತ್ತೇವೆ, ಚೆಂಡು ಯಾರದೋ ಮನೆಯ ಮಹಡಿ ಸೇರುತ್ತದೆ. ಓದಿನಲ್ಲೂ ಅದೇ. ಅರ್ಥವಾಗದ ಪಾಠವನ್ನು ಕಂಠಪಾಠ ಮಾಡಿ ಉತ್ತರಪತ್ರಿಕೆಯ ಮೇಲೆ ಒದ್ದು ಬರುವುದು. ತಾಳ್ಮೆಯಿಂದ ಚೆಂಡು ಹಿಡಿಯುವ ಆಟದಲ್ಲಿ ಒಂದು ಅಪಾಯವಿದೆ: ಹಿಂದಿನವನು ತಪ್ಪು ಮಾಡಿದರೆ ಗೋಲೇ ಆಗುತ್ತದೆ, ನೋಡುವವರು ಬೈಯುತ್ತಾರೆ. ತಪ್ಪು ಮಾಡಲು ಅವಕಾಶ ಕೊಟ್ಟು ಬೈಗುಳವನ್ನು ತಾನು ತಿನ್ನುವ ಮೇಷ್ಟ್ರು ಬೇಕು ಅದಕ್ಕೆ.

ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ತಂಡವನ್ನು ಇಲ್ಲಿ 1-0ರಿಂದ ಸೋಲಿಸಿ, ಅಲ್ಲಿ ಗೋಲಿಲ್ಲದೆ ಸಮ ಮಾಡಿಕೊಂಡು ಸೆಮಿಫೈನಲ್ ಸೇರಿದರು. ಅಲ್ಲಿ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೋರ್ ದಾರುಲ್ ತಾಝೀಮ್. ಅವರ ಊರಿನಲ್ಲಿ 1-1. ಮರುಪಂದ್ಯ 2016ರ ಅಕ್ಟೋಬರ್ 19ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ. ಹನ್ನೊಂದನೆಯ ನಿಮಿಷಕ್ಕೆ ಜೊಹೋರ್ ಗೋಲು ಹೊಡೆಯಿತು. ಹಳೆಯ ರೂಢಿಯ ತಂಡವಾಗಿದ್ದರೆ ಆಗ ಗಾಬರಿಯಾಗಿ ಉದ್ದಕ್ಕೆ ಒದೆಯಲು ಶುರುಮಾಡುತ್ತಿತ್ತು. ಇವರು ಮಾಡಲಿಲ್ಲ. ಸುನಿಲ್ ಛೆಟ್ರಿ ಎರಡು, ಸ್ಪೇನಿನ ಹುವಾನನ್ ಒಂದು, ಕೊನೆಗೆ 3-1. ಭಾರತದ ಒಂದು ಕ್ಲಬ್ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ್ದು ಅದೇ ಮೊದಲು. ಡೆಂಪೊ, ಈಸ್ಟ್ ಬೆಂಗಾಲ್ ಎಲ್ಲ ಸೆಮಿಫೈನಲ್‌ನಲ್ಲೇ ನಿಂತಿದ್ದವು. ಆ ರಾತ್ರಿ ನಾನು ಕೋಣನಕುಂಟೆ ಕ್ರಾಸ್‌ನ ಒಂದು ಹೋಟೆಲಿನಲ್ಲಿ ನಿಂತುಕೊಂಡು ಟಿವಿ ನೋಡಿದೆ. ಒಂದು ಚಹಾ ಸಾಲದೆಂದು ಮಾಲೀಕರು ನೋಡಿದ ನೋಟಕ್ಕೆ ಇನ್ನೂ ಎರಡು ಕುಡಿದೆ.

ಫೈನಲ್ ನವೆಂಬರ್ 5ರಂದು ದೋಹಾದಲ್ಲಿ, ಇರಾಕಿನ ಅಲ್-ಕುವ್ವಾ ಅಲ್-ಜವ್ವಿಯಾ ವಿರುದ್ಧ. ಹೆಸರಿಗೆ ವಾಯುಪಡೆ ಎಂದು ಅರ್ಥ. "ಕುವ್ವತ್ತಿದ್ದರೆ ಬಾ" ಎಂದು ನಮ್ಮ ಊರಿನವರು ಜಗಳದಲ್ಲಿ ಹೇಳುವ ಕುವ್ವತ್ತೇ ಆ ಕುವ್ವಾ. ಮುಖ್ಯ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಶಿಸ್ತಿನ ನಿಯಮದಡಿ ಹೊರಗೆ ಕೂರಬೇಕಾಯಿತು. ಒಂದು ಗೋಲಿನಿಂದ ಸೋತರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಮಕ್ಕಳು ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿತೆಂದು ತಿಳಿದಿದ್ದಾರೆ. ಮುಂಬಯಿಯಲ್ಲಿ ರೋವರ್ಸ್ ಕಪ್ ಎಂಬ ಹಳೆಯ ಪಂದ್ಯಾವಳಿ ಇತ್ತು. ಬ್ರಿಟಿಷ್ ಸೈನ್ಯದ ತಂಡಗಳೇ ವರ್ಷ ವರ್ಷವೂ ಅದನ್ನು ಗೆಲ್ಲುತ್ತಿದ್ದವು. ಆ ಸಾಲನ್ನು ಮುರಿದು 1937ರಲ್ಲಿ ಕಪ್ಪು ಗೆದ್ದ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು. ಇದೇ ಊರಿನ ಅಹ್ಮದ್ ಖಾನ್ 1948ರ ಲಂಡನ್, 1952ರ ಹೆಲ್ಸಿಂಕಿ ಎರಡೂ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು, ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನವರು ಇಂದಿಗೂ ಅವರ ಹೆಸರು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಹೇಳಿದವರು ಯಾರು? ನಾನಂತೂ ಬಿ.ಎಡ್. ಮುಗಿಸುವವರೆಗೆ ಕೇಳಿರಲಿಲ್ಲ.

ಇನ್ನೊಬ್ಬರನ್ನೂ ನೆನೆಯಬೇಕು, ಶಿಕ್ಷಕರಾದ ನಾವಂತೂ ನೆನೆಯಲೇಬೇಕು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಶಾಲಾ ಮೇಷ್ಟ್ರು. ಜನ ರಹೀಮ್ ಸಾಬ್ ಎನ್ನುತ್ತಿದ್ದರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಅದೇ ರೋವರ್ಸ್ ಕಪ್ ಗೆದ್ದಿತು. ಅವರ ಕೈಯಲ್ಲಿ ಭಾರತ 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು, 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಆಗ ರಹೀಮ್ ಸಾಬರ ದೇಹವನ್ನು ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು. ಸ್ಪೇನಿನಿಂದ ಮೇಷ್ಟ್ರನ್ನು ಕರೆಸುವ ಕಾಲಕ್ಕೆ ಎಷ್ಟೋ ಮುಂಚೆ ನಮ್ಮಲ್ಲೇ ಒಬ್ಬರು ಇದ್ದರು ಎಂಬುದಕ್ಕಷ್ಟೇ ಇದನ್ನು ಹೇಳಿದೆ.

ಈಗ ರೋಕಾ ಅವರ ಎರಡನೆಯ ವರ್ಷ. ಐ-ಲೀಗ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಕುಸಿದರು. ಸ್ಪೇನಿನ ಪಾಠ ನಮಗಲ್ಲ ಎಂದು ಹೇಳುವವರು ಹೇಳಿದರು. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2-0ರಿಂದ ಸೋಲಿಸಿ ಫೆಡರೇಷನ್ ಕಪ್ ಗೆದ್ದರು. ಎರಡೂ ಗೋಲು ಸಿ.ಕೆ. ವಿನೀತ್ ಅವರದು. ಆ ವರ್ಷದ ಕೊನೆಗೆ ತಂಡ ಐಎಸ್‌ಎಲ್‌ಗೆ ಸೇರಿತು. ಹೊಸ ತರಗತಿ, ದೊಡ್ಡ ಮಕ್ಕಳು. ಅಲ್ಲಿ ರೋಕಾ ಅವರ ಪಾಠ ಫಲ ಕೊಟ್ಟಿತು. 18 ಪಂದ್ಯ, 13 ಗೆಲುವು, 40 ಅಂಕ. ಎರಡನೆಯ ಸ್ಥಾನದ ಚೆನ್ನೈಯಿನ್‌ಗೆ 32. ವೆನಿಜುವೆಲಾದ ಮೀಕು 15 ಗೋಲು, ಛೆಟ್ರಿ 14. ಸೆಮಿಫೈನಲ್‌ನಲ್ಲಿ ಪುಣೆಯ ವಿರುದ್ಧ ಛೆಟ್ರಿ ಒಬ್ಬರೇ ಮೂರು ಗೋಲು. ಫೈನಲ್ ನಮ್ಮ ಊರಿನಲ್ಲೇ, ಕಂಠೀರವದಲ್ಲಿ, 2018ರ ಮಾರ್ಚ್ 17, ಶನಿವಾರ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 23ಕ್ಕೆ ಶುರು.

ಚೆಂಡು ಕಿತ್ತುಕೊಂಡೆ ಎಂದೆನಲ್ಲ, ಆ ಹುಡುಗ ಆಗ ಹತ್ತನೆಯ ತರಗತಿ. ಹೆಸರು ಹೇಳುವುದಿಲ್ಲ, ಇದೇ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತಿದ್ದಾನೆ, ನಾಚಿಕೊಳ್ಳುತ್ತಾನೆ. ಕನ್ನಡ ಓದುವುದು ಅವನಿಗೆ ಕಷ್ಟವಿತ್ತು. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ. ಒಂದು ದಿನ ಪತ್ರಿಕೆಯ ಕ್ರೀಡಾಪುಟ ಕೊಟ್ಟು ಓದು ಎಂದೆ. ಬೆಂಗಳೂರು ಎಫ್‌ಸಿಯ ಪಂದ್ಯದ ವರದಿಯನ್ನು ನಿಲ್ಲದೆ ಓದಿದ. 'ಪ್ರತಿಸ್ಪರ್ಧಿ' ಎಂಬ ಮಾತನ್ನು ಕೂಡ. ಅಂದಿನಿಂದ ನಮ್ಮ ಕನ್ನಡ ಪಾಠ ಕ್ರೀಡಾಪುಟದಲ್ಲೇ ನಡೆಯಿತು. ಬೀರುವಿನಲ್ಲಿದ್ದ ಚೆಂಡನ್ನೂ ಹಿಂದಕ್ಕೆ ಕೊಟ್ಟೆ, ಗಾಳಿ ಹೋಗಿತ್ತು. ಫೈನಲ್‌ಗೆ ಅವನನ್ನೂ ಇನ್ನೂ ಐದು ಹುಡುಗರನ್ನೂ ಕರೆದುಕೊಂಡು ಹೋದೆ. ಮನೆಯವರನ್ನು ಕೇಳಿಯೇ ಹೋದದ್ದು, ಆದರೆ ಮೇಷ್ಟ್ರೇ ಬಂದು ಕೇಳಿದರೆ ಯಾವ ತಂದೆ ಇಲ್ಲ ಎನ್ನುತ್ತಾರೆ?

ಕೋಣನಕುಂಟೆ ಕ್ರಾಸ್‌ಗೆ ಮೆಟ್ರೋ ಬಂದದ್ದು 2021ರಲ್ಲಿ. ಆಗ ಯಲಚೇನಹಳ್ಳಿಯೇ ಕೊನೆಯ ನಿಲ್ದಾಣ. ಅಲ್ಲಿಯವರೆಗೆ ನಡೆದು, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದೆವು. ಕ್ರೀಡಾಂಗಣ ಪೂರ್ತಿ ನೀಲಿ. ಒಂಬತ್ತನೆಯ ನಿಮಿಷಕ್ಕೆ ಛೆಟ್ರಿ ತಲೆಯಿಂದ ಗೋಲು ಹೊಡೆದಾಗ ನನ್ನ ಕನ್ನಡಕ ಬಿದ್ದು ಯಾರದೋ ಕಾಲಡಿಗೆ ಹೋಯಿತು. ಆಮೇಲೆ ನೋಡಿದ್ದೆಲ್ಲ ಅಷ್ಟು ಸ್ಪಷ್ಟವಿಲ್ಲ, ನೋಡದಿದ್ದರೇ ಒಳ್ಳೆಯದಿತ್ತು. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಒಂದು ಗೋಲು, ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಮತ್ತೆ ಕಾರ್ನರ್, ಮತ್ತೆ ಅದೇ ತಲೆ, ಇನ್ನೊಂದು ಗೋಲು. ಎರಡನೆಯ ಅರ್ಧದಲ್ಲಿ ರಫಾಯೆಲ್ ಅಗಸ್ಟೊ ಮೂರನೆಯದು. ಕೊನೆಯ ಗಳಿಗೆಯಲ್ಲಿ ಮೀಕು ಒಂದು ಹಿಂತಿರುಗಿಸಿದರು. 2-3. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ತಪ್ಪನ್ನು ಒಂದೇ ಪಂದ್ಯದಲ್ಲಿ ಎರಡು ಸಲ ಮಾಡಿದ್ದಕ್ಕೆ ಮೇಷ್ಟ್ರೂ ಹೊಣೆ. ಚೆಂಡು ನೆಲದ ಮೇಲಿರುವಾಗ ಏನು ಮಾಡಬೇಕೆಂದು ರೋಕಾ ಚೆನ್ನಾಗಿ ಕಲಿಸಿದ್ದರು. ಗಾಳಿಯಲ್ಲಿರುವಾಗ ಏನು ಮಾಡಬೇಕೆಂಬ ಪಾಠಕ್ಕೆ ಸಮಯ ಸಾಲಲಿಲ್ಲವೇನೋ.

ಕನ್ನಡಕವಿಲ್ಲದೆಯೂ ನನಗೆ ಕಂಡದ್ದು ಒಂದಿದೆ. ಗೆರೆಯ ಹೊರಗೆ, ತರಬೇತುದಾರರಿಗೆಂದು ಗುರುತು ಹಾಕಿದ ಜಾಗದಲ್ಲಿ ನಿಂತಿದ್ದ ರೋಕಾ. ಅವರು ಆ ಗೆರೆ ದಾಟುವಂತಿಲ್ಲ. ದಾಟಿದರೆ ಅಧಿಕಾರಿ ಬಂದು ಹಿಂದೆ ಕಳಿಸುತ್ತಾರೆ. ಎರಡು ವರ್ಷ ಕಲಿಸಿದ್ದೆಲ್ಲ ಒಳಗೆ ನಡೆಯುತ್ತಿದೆ, ತಾನು ಹೊರಗೆ. ಮಾಡಬಹುದಾದದ್ದು ಆಗಿನ ನಿಯಮದಂತೆ ಮೂವರು ಆಟಗಾರರನ್ನು ಬದಲಿಸುವುದು, ಕೂಗುವುದು, ಅಷ್ಟೇ. ಆರು ದಿನದ ನಂತರ ನಾನು ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆ. ನಮ್ಮ ಮಕ್ಕಳು ಬರೆಯುವ ಕೋಣೆಗೆ ನಾವು ಹೋಗುವಂತಿಲ್ಲ. ಶಿಕ್ಷಕರಾದವರಿಗೆಲ್ಲ ಆ ಗೇಟು ಗೊತ್ತು.

ಹುಡುಗ ಗಣಿತದಲ್ಲಿ ಫೇಲಾದ. ಕನ್ನಡದಲ್ಲಿ ಪಾಸಾದ ಎಂದು ನನ್ನ ಸಮಾಧಾನಕ್ಕೆ ಹೇಳಿಕೊಳ್ಳಬಹುದು. ಅವನ ತಂದೆ ಶಾಲೆಗೆ ಬಂದರು. ಗ್ಯಾರೇಜಿನಲ್ಲಿ ದುಡಿಯುವವರು, ಕೈಗೆ ಗ್ರೀಸು ಅಂಟಿದ ಹಾಗೆಯೇ ಬಂದಿದ್ದರು. ಜೋರು ಮಾಡಲಿಲ್ಲ. "ಮಾಸ್ಟರ್ ಸಾಬ್, ಪರೀಕ್ಷೆಗೆ ಆರು ದಿನ ಇತ್ತು" ಎಂದರು, ಅಷ್ಟೇ. ಸಹೋದ್ಯೋಗಿಗಳೂ ಕೇಳಿದರು, ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಒಂದು ಸಂಜೆಯ ಪಂದ್ಯದಿಂದ ಒಬ್ಬ ಫೇಲಾಗುವುದಿಲ್ಲ, ಅವನಿಗೆ ಗಣಿತ ಎಂಟನೆಯ ತರಗತಿಯಿಂದಲೂ ಬರುತ್ತಿರಲಿಲ್ಲ ಎಂದು ನಾನು ಉತ್ತರ ಹೇಳಬಹುದಿತ್ತು. ಹೇಳಲಿಲ್ಲ. ಇಂದಿಗೂ ನನಗೆ ಅದು ಪೂರ್ತಿ ಇತ್ಯರ್ಥವಾಗಿಲ್ಲ. ಇಂಥ ದಿನ ಮತ್ತೆ ಬಂದರೆ ಕರೆದುಕೊಂಡು ಹೋಗುತ್ತೇನೆಯೇ ಎಂದು ಕೇಳಿದರೆ ಒಂದು ದಿನ ಹೌದು ಅನ್ನಿಸುತ್ತದೆ, ಇನ್ನೊಂದು ದಿನ ಇಲ್ಲ.

ಸೋತ ರೋಕಾ ಏನು ಮಾಡಿದರು? ಮರುತಿಂಗಳೇ, ಏಪ್ರಿಲ್ 20ಕ್ಕೆ, ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್. ಮೊದಲ ಗೋಲು ಈಸ್ಟ್ ಬೆಂಗಾಲ್‌ನದು. ಆಮೇಲೆ ಬೆಂಗಳೂರು ನಾಲ್ಕು ಹೊಡೆಯಿತು. 4-1. ಆ ಕಪ್ಪನ್ನು ಗೆದ್ದುಕೊಟ್ಟು ಆ ಋತುವಿಗೇ ತಂಡ ಬಿಟ್ಟರು. ಜಾಗಕ್ಕೆ ಬಂದವರು ಸಹಾಯಕ ಕ್ವಾದ್ರಾತ್. ಹೊರಗಿನಿಂದ ಹೊಸಬರನ್ನು ತರದೆ ಎರಡು ವರ್ಷ ಪಕ್ಕದಲ್ಲಿ ನಿಂತು ನೋಡಿದವನಿಗೆ ಕೆಲಸ ಕೊಟ್ಟದ್ದು ಆಡಳಿತದವರ ಜಾಣತನ ಎಂದೇ ನಾನು ಭಾವಿಸುತ್ತೇನೆ. ಸೋಲನ್ನು ಹತ್ತಿರದಿಂದ ಕಂಡವನಿಗೆ ಯಾವ ಪಾಠ ಬಾಕಿ ಉಳಿದಿದೆ ಎಂಬುದು ಗೊತ್ತಿರುತ್ತದೆ.

ನಮ್ಮ ಹುಡುಗನಿಗೂ ಒಂದು ಪಾಠ ಬಾಕಿ ಇತ್ತು. ಜೂನ್‌ನ ಪೂರಕ ಪರೀಕ್ಷೆಗೆ ನಾವಿಬ್ಬರೂ ಸೇರಿ ಕುಳಿತೆವು. ಗಣಿತ ನನ್ನ ವಿಷಯವಲ್ಲ, ಗಣಿತದ ಮೇಡಂ ಶಾಲೆ ಬಿಟ್ಟ ಮೇಲೆ ದಿನಾ ಒಂದು ಗಂಟೆ ಕೊಟ್ಟರು. ನಾನು ಚೆಂಡು ಹಿಡಿದು ಕಾವಲು ಕುಳಿತೆ, ಹತ್ತು ಲೆಕ್ಕಕ್ಕೆ ಹತ್ತು ನಿಮಿಷ ಆಟ ಎಂಬ ಕರಾರಿನ ಮೇಲೆ. 35 ಬೇಕಿತ್ತು, 41 ಬಂತು.

ಮುಂದಿನ ಫೈನಲ್ ಕೂಡ ಮಾರ್ಚ್ 17ಕ್ಕೇ ಬಿತ್ತು, 2019ರಲ್ಲಿ, ಮುಂಬಯಿಯಲ್ಲಿ. ಎದುರಾಳಿ ಗೋವಾ. ಈ ಸಲ ನಾನು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ, ಮನೆಯಲ್ಲಿ ಟಿವಿಯ ದನಿ ತಗ್ಗಿಸಿ ಕುಳಿತಿದ್ದೆ. ತೊಂಬತ್ತು ನಿಮಿಷಕ್ಕೂ ಗೋಲಿಲ್ಲ. ಹೆಚ್ಚುವರಿ ಸಮಯ. ಗೋವಾದ ಜಾಹುಗೆ ಕೆಂಪು ಕಾರ್ಡು. 117ನೆಯ ನಿಮಿಷ, ಕಾರ್ನರ್. ಡಿಮಾಸ್ ಡೆಲ್ಗಾಡೊ ಕೊಟ್ಟ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಹಿಂದಿನ ವರ್ಷ ಯಾವುದರಿಂದ ಸೋತಿದ್ದರೋ ಅದರಿಂದಲೇ ಗೆದ್ದರು. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಐಎಸ್‌ಎಲ್ ಕಪ್ಪನ್ನೂ ಗೆದ್ದದ್ದು ಅದೇ ಮೊದಲ ಸಲ. ಒಂದು ನಿಮಿಷದೊಳಗೆ ನನ್ನ ಫೋನು ಬಡಿದುಕೊಂಡಿತು. "ಸರ್, ನೋಡಿದ್ರಾ? ಕಾರ್ನರ್!" ಎಂದ. ಆಗ ಅವನು ಐಟಿಐ ಸೇರಿದ್ದ.

ಉಳಿದದ್ದನ್ನು ಬೇಗ ಹೇಳುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ರೋಕಾ 2020ರಲ್ಲಿ ಹೈದರಾಬಾದ್ ಎಫ್‌ಸಿಗೆ ಒಪ್ಪಿಕೊಂಡರು. ಋತು ಶುರುವಾಗುವ ಮೊದಲೇ ಬಾರ್ಸಿಲೋನಾದಿಂದ ಕರೆ ಬಂತು. ಬಾಯರ್ನ್ ಮ್ಯೂನಿಕ್ ಎದುರು 8-2ರಿಂದ ಸೋತು ಕಂಗೆಟ್ಟಿದ್ದ ತಂಡ, ಹೊಸ ತರಬೇತುದಾರ ರೊನಾಲ್ಡ್ ಕೂಮನ್, ಅವರ ಬಳಗದಲ್ಲಿ ಆಟಗಾರರ ದೈಹಿಕ ಕ್ಷಮತೆ ನೋಡಿಕೊಳ್ಳುವ ಕೆಲಸ. ಮುಖ್ಯ ತರಬೇತುದಾರ ಎಂಬ ಹೆಸರು ಬಿಟ್ಟು ಮತ್ತೆ ಸಹಾಯಕರ ಸಾಲಿಗೆ ಹೋದರು. ಇಳಿದರು ಎನ್ನುವವರು ಎನ್ನಲಿ. ಅವರು ಬಿಟ್ಟ ಹೈದರಾಬಾದಿನ ಜಾಗಕ್ಕೆ ಬಂದ ಮನೋಲೊ ಮಾರ್ಕೆಸ್ ಎಂಬ ಇನ್ನೊಬ್ಬ ಸ್ಪೇನಿನವರು 2022ರಲ್ಲಿ ಐಎಸ್‌ಎಲ್ ಗೆದ್ದರು. ಕ್ವಾದ್ರಾತ್ ಗೆದ್ದ ಎರಡು ವರ್ಷದೊಳಗೆ, 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ನಂತರ ಬೆಂಗಳೂರು ಬಿಡಬೇಕಾಯಿತು. 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು, ಆ ಕ್ಲಬ್ಬಿಗೆ ಹನ್ನೆರಡು ವರ್ಷದ ನಂತರ ಬಂದ ರಾಷ್ಟ್ರಮಟ್ಟದ ಕಪ್ಪು. ಅದೇ ಸೆಪ್ಟೆಂಬರಿನಲ್ಲಿ ಲೀಗ್‌ನ ಮೊದಲ ಮೂರು ಪಂದ್ಯ ಸೋತರು, ಕೆಲಸ ಹೋಯಿತು. ಆ ಮೂರರಲ್ಲಿ ಮೊದಲನೆಯದು ಇದೇ ಕಂಠೀರವದಲ್ಲಿ, ಗೋಲು ಹೊಡೆದವನು ಬೆಂಗಳೂರು ಎಫ್‌ಸಿಯ ಯುವ ತಂಡದಿಂದ ಬೆಳೆದ ವಿನೀತ್ ವೆಂಕಟೇಶ್. ಈ ವೃತ್ತಿ ಹೀಗೆ. ನಮಗೆ ಸರ್ಕಾರಿ ನೌಕರಿ ಇಲ್ಲದಿದ್ದರೂ ಒಂದು ಘಟಕ ಪರೀಕ್ಷೆಯಲ್ಲಿ ಮಕ್ಕಳಿಗೆ ಅಂಕ ಕಡಿಮೆ ಬಂದರೆ ಮನೆಗೆ ಕಳಿಸುವುದಿಲ್ಲ.

ಈಗ ಕೊನೆಯ ಸಾಲಿನ ಹುಡುಗನ ವಿಷಯ. ಐಟಿಐ ಮುಗಿಸಿದ. ಕನಕಪುರ ರಸ್ತೆಯ ಒಂದು ವರ್ಕ್‌ಶಾಪ್‌ನಲ್ಲಿ ಲೇತ್ ಯಂತ್ರದ ಮೇಲೆ ಕೆಲಸ. ಮನೆಗೆ ಸಂಬಳ ಕೊಡುತ್ತಾನೆ. ದೊಡ್ಡ ಆಟಗಾರನಾಗಲಿಲ್ಲ, ಆಗುವ ವಯಸ್ಸೂ ದಾಟಿದೆ. ಎರಡು ವರ್ಷದಿಂದ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮಕ್ಕಳನ್ನು ಸೇರಿಸಿ ಆಡಿಸುತ್ತಿದ್ದಾನೆ. ಮೊದಲು ಒಂಬತ್ತು ಮಕ್ಕಳಿದ್ದರು, ಈಗ ಇಪ್ಪತ್ತಾರು. ಎಲ್ಲ ಮನೆಯ ಮಕ್ಕಳೂ ಇದ್ದಾರೆ, ನಾಲ್ವರು ಹೆಣ್ಣುಮಕ್ಕಳು. ಮೂರು ಭಾಷೆಯಲ್ಲಿ ಕೂಗುತ್ತಾನೆ. ಒದೆಯಬೇಡ, ಪಕ್ಕದವಳಿಗೆ ಕೊಡು ಎನ್ನುತ್ತಾನೆ. ನಾನು ಒಂದು ಭಾನುವಾರ ಹೋಗಿ ನೋಡಿದೆ. ಸುಣ್ಣದಲ್ಲಿ ಗೆರೆ ಎಳೆದು, ತಾನು ಅದರ ಹೊರಗೇ ನಿಂತಿದ್ದ. ಮಕ್ಕಳು ತಪ್ಪು ಮಾಡಿದರೂ ಒಳಗೆ ಹೋಗಲಿಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನವರು ತರಬೇತುದಾರರಿಗೆಂದು ನಡೆಸುವ ಡಿ ಲೈಸೆನ್ಸ್ ಎಂಬ ಕೋರ್ಸ್ ಇದೆ. ಹದಿನೆಂಟು ದಾಟಿದವರು ಸೇರಬಹುದು. ಅದು ಇದ್ದರೆ ಶಾಲೆಗಳು, ಅಕಾಡೆಮಿಗಳು ಕೆಲಸಕ್ಕೆ ತೆಗೆದುಕೊಳ್ಳುವ ದಾರಿ ತೆರೆಯುತ್ತದೆ. ಅವನು ಅರ್ಜಿ ತುಂಬಿಟ್ಟು ಶುಲ್ಕಕ್ಕೆ ನಿಂತಿದ್ದಾನೆ. ನಮ್ಮ ಸಂಘದ ವಿದ್ಯಾರ್ಥಿವೇತನದ ನಮೂನೆಯಲ್ಲಿ ಎಂಜಿನಿಯರಿಂಗ್, ಡಿಪ್ಲೊಮಾ, ನರ್ಸಿಂಗ್, ಬಿ.ಎಡ್. ಎಲ್ಲಕ್ಕೂ ಕಲಂ ಇದೆ. ನಾನೇ ಬಿ.ಎಡ್. ಓದಿದ್ದು ಈ ಸಂಘದ ಹಣದಿಂದ, ಹಿರಿಯರಿಗೆ ಜ್ಞಾಪಕವಿರಬಹುದು. ಇದಕ್ಕೆ ಕಲಂ ಇಲ್ಲ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಅದನ್ನು ಸೇರಿಸಬೇಕೆಂದು ಲಿಖಿತವಾಗಿ ಕೇಳಿಕೊಂಡಿದ್ದೇನೆ, ಈಗ ನಿಮ್ಮೆಲ್ಲರ ಮುಂದೆ ಬಾಯಿಮಾತಿನಲ್ಲೂ ಕೇಳುತ್ತಿದ್ದೇನೆ. ಅವನ ತಂದೆಯವರೂ ಇಂದು ಬಂದಿದ್ದಾರೆ, ಮಗನ ಪಕ್ಕದಲ್ಲೇ ಇದ್ದಾರೆ. ಅರ್ಜಿಯ ಮೇಲೆ ಅವರ ಸಹಿಯೂ ಇದೆ, ಅದನ್ನು ನಾನು ಕೇಳಿರಲಿಲ್ಲ, ತಾವಾಗಿಯೇ ಹಾಕಿದ್ದಾರೆ.

ಇನ್ನೂ ಒಂದು. ಮಕ್ಕಳಲ್ಲಿ ಹನ್ನೊಂದು ಮಂದಿ ಬರಿಗಾಲಿನಲ್ಲಿ ಆಡುತ್ತಿದ್ದಾರೆ. ಅಹ್ಮದ್ ಖಾನರ ಕಾಲದಲ್ಲಿ ಅದು ನಡೆಯಿತು, ಈಗ ಆ ಮೈದಾನದ ತುಂಬ ಗಾಜಿನ ಚೂರು. ಅಳತೆಗಳನ್ನು ಬರೆದು ತಂದಿದ್ದೇನೆ, ಊಟದ ಹೊತ್ತಿಗೆ ಬಾಗಿಲ ಬಳಿ ಇರುತ್ತೇನೆ.